ನೆಲಮಾಳಿಗೆಯಲ್ಲಿ ವಾಸ: ಅಷ್ಟೂರ ಸೀಮೆಯ ಕೆಂಪುಕಲ್ಲು ಹೇಳುವುದೇನು?

ಮನೆಯ ಅಡಿಯಲ್ಲಿ ಖಾಲಿ ಬಿದ್ದಿರುವ ನೆಲಮಾಳಿಗೆಗೆ ಗಿಲಾವು ಮಾಡಿಸಿ, ಟೈಲ್ಸ್ ಹಾಸಿ, ಮಲಗುವ ಕೋಣೆಯನ್ನೋ ಮಕ್ಕಳ ಓದಿನ ಕೋಣೆಯನ್ನೋ ಮಾಡಿಕೊಳ್ಳುವ ರೂಢಿ ನಗರಗಳಿಂದ ಸಣ್ಣ ಊರುಗಳಿಗೂ ಹಬ್ಬುತ್ತಿದೆ. ನಿವೇಶನದ ಬೆಲೆ ಏರಿದಂತೆ ಮನೆ ಕೆಳಕ್ಕೂ ಇಳಿಯುವುದು ಸಹಜವೇ. ಆದರೆ ನೆಲದಡಿಯ ಕೋಣೆಯಲ್ಲಿ ಮನೆಯವರಿಗಿಂತ ಮೊದಲೇ ನೀರಿಗೆ ಹಕ್ಕಿರುತ್ತದೆ. ಗುತ್ತಿಗೆದಾರನ ಅಂದಾಜುಪಟ್ಟಿಯಲ್ಲಿ ಈ ಹಕ್ಕಿಗೆ ಒಂದು ಸಾಲೂ ಇರುವುದಿಲ್ಲ.

ಬೀದರ ನಗರಕ್ಕೆ ಹೊಂದಿಕೊಂಡಂತಿರುವ ಅಷ್ಟೂರ ಎಂದೊಡನೆ ನೆನಪಾಗುವುದು ಬಹಮನಿ ಸುಲ್ತಾನರ ಗೋರಿಗಳು. 1436ರಲ್ಲಿ ತೀರಿಕೊಂಡ ಅಹಮದ್ ಷಾ ವಲಿಯ ಗುಮ್ಮಟ ಅವುಗಳಲ್ಲಿ ಪ್ರಸಿದ್ಧ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಈ ದೊರೆಯ ಕಾಲದವರು ಇಲ್ಲಿನ ನೆಲವನ್ನು ಚೆನ್ನಾಗಿ ಓದಿಕೊಂಡಿದ್ದರು. ಬೀದರ ಪ್ರಸ್ಥಭೂಮಿಯ ಮೇಲ್ಪದರ ಮಲೆನಾಡಿನವರು ಜಂಬಿಟ್ಟಿಗೆ ಎಂದು ಕರೆಯುವ ಅದೇ ಕೆಂಪುಕಲ್ಲು. ಅದರ ಮೈತುಂಬ ರಂಧ್ರಗಳು. ಕೆಳಗಿರುವುದು ಬಿಗಿಯಾದ ಕಪ್ಪುಕಲ್ಲು. ಮಳೆಯ ನೀರು ಕೆಂಪುಕಲ್ಲಿನೊಳಗೆ ಸಲೀಸಾಗಿ ಇಳಿದು, ಬಿಗಿಪದರದ ಬಳಿ ತಡೆದು ನಿಂತು, ಅಡ್ಡಡ್ಡವಾಗಿ ಹರಿದು ಪ್ರಸ್ಥಭೂಮಿಯ ಅಂಚುಗಳಲ್ಲಿ ಒರತೆಯಾಗಿ ಹೊರಬೀಳುತ್ತದೆ. ಗುರುನಾನಕ ಝಿರಾದ ಚಿಲುಮೆ, ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕಾದ ಝರಣಿ ನರಸಿಂಹನ ಗುಹೆ, ಇವೆಲ್ಲ ಈ ಕಲ್ಲಿನ ಸಂತಾನ.

ಇದೇ ಗುಣವನ್ನು ನಂಬಿ ನೌಬಾದಿನಲ್ಲಿ ಸುರಂಗಬಾವಿಯನ್ನು ತೋಡಲಾಯಿತು. ಸಾಲಾಗಿ ಕೊರೆದ ಬಾವಿಬಾಯಿಗಳನ್ನು ನೆಲದಡಿಯ ಕಾಲುವೆಯೊಂದು ಜೋಡಿಸುತ್ತದೆ. ನೀರು ತಾನಾಗಿ ಇಳಿಜಾರಿಗೆ ಹರಿಯುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳ ಸುರಂಗಗಳೂ ಇದರ ದಾಯಾದಿಗಳೇ. ಹೂಳು, ಕಸ ತುಂಬಿ ಮರೆತುಹೋಗಿದ್ದ ಬೀದರದ ಸುರಂಗಬಾವಿಯ ಹೂಳೆತ್ತುವ ಕೆಲಸ 2010ರ ದಶಕದಲ್ಲಿ ನಡೆಯಿತು. 2020ರ ವಿಶ್ವ ಸ್ಮಾರಕ ಅವಲೋಕನ ಪಟ್ಟಿಯಲ್ಲಿ ದಖ್ಖನ್ನಿನ ಚಾರಿತ್ರಿಕ ಜಲವ್ಯವಸ್ಥೆಗಳಿಗೆ ಸ್ಥಾನ ದೊರೆಯಿತು. ಇಂಥ ನೆಲದಲ್ಲಿ ಹತ್ತಡಿ ಅಗೆದು ಕೋಣೆ ಕಟ್ಟಿ, ಒಸರುವ ನೀರನ್ನು ಪಂಪು ಹಚ್ಚಿ ಚರಂಡಿಗೆ ಬಿಡುವವರು ನೆರೆಯ ಬಾವಿಯ ಪಾಲನ್ನು ಹೊರಚೆಲ್ಲುತ್ತಿರುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ಕೊಡುವವರೂ ಬಹುಶಃ ಅವರೇ.

ಹಿಂದಿನವರು ನೆಲದಡಿಗೆ ಇಳಿಯಲಿಲ್ಲವೇ? ಇಳಿದರು. ಬೀದರ ಕೋಟೆಯಲ್ಲಿ ಹಜಾರ್ ಕೋಠರಿ ಎಂಬ ನೆಲದಡಿಯ ಕೋಣೆಗಳಿವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿಡುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬುವುದರಿಂದ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಅವಸರದಲ್ಲಿ ಇಳಿದ ಮನುಷ್ಯನೂ ಸಾಯುತ್ತಾನೆ. ಆದ್ದರಿಂದಲೇ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುವ ಪದ್ಧತಿ. ನೆಲದಡಿ ಕಾಳಿಗೆ ಹಿತವಾದದ್ದು ಮನುಷ್ಯನಿಗೂ ಹಿತವಾಗಬೇಕಿಲ್ಲ ಎಂಬುದು ಅಕ್ಷರ ಬಾರದ ರೈತನಿಗೂ ತಿಳಿದಿತ್ತು.

ನೆಲಮಾಳಿಗೆಯ ತಂಪು ಸುಳ್ಳಲ್ಲ. ಎರಡು ಮೂರು ಮೀಟರ್ ಆಳದ ಮಣ್ಣು ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಅಷ್ಟಾಗಿ ಅಲುಗುವುದಿಲ್ಲ. ಬೀದರ, ಔರಾದದ ಸೆಕೆಯಲ್ಲಿ ಅದು ವರವೇ. ಆದರೆ ಆ ತಂಪುಗೋಡೆಗೆ ಶ್ರಾವಣದ ತೇವಗಾಳಿ ತಾಗಿದರೆ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಒಳಗಿನಿಂದ ಬಣ್ಣ ಬಳಿದು ತೇವವನ್ನು ಅಡಗಿಸಿದರೆ ಹಿಂದಿನಿಂದ ಬರುವ ನೀರು ಉಪ್ಪನ್ನು ಹೊತ್ತು ತಂದು ಗಿಲಾವನ್ನೇ ಉದುರಿಸುತ್ತದೆ. ಭಾಲ್ಕಿ ಕಡೆಯ ಎರೆಭೂಮಿಯಲ್ಲಿ ಇನ್ನೊಂದು ತೊಡಕು: ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಮಣ್ಣು ಗೋಡೆಯನ್ನು ವರ್ಷವರ್ಷವೂ ತಳ್ಳುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪೂರ್ಣ ಮಳೆಗಾಲ ಕಾಯಬೇಕು. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಮಣ್ಣಿನಿಂದ ಬರುತ್ತಿದೆ. ಮುಂಬದಿ ಒದ್ದೆಯಾದರೆ ಕೋಣೆಯ ಗಾಳಿಯಿಂದ. ಎರಡಕ್ಕೂ ಮದ್ದು ಬೇರೆ ಬೇರೆ. ಹಿಂಬದಿಯ ನೀರಿಗೆ ಗೋಡೆಯ ಹೊರಗೆ ಜಲ್ಲಿ ತುಂಬಿದ ಕಾಲುವೆ ಮಾಡಿ, ಆ ನೀರು ಮತ್ತೆ ನೆಲಕ್ಕೇ ಇಂಗುವಂತೆ ಕೆಳಗಿನ ಗುಂಡಿಗೆ ಬಿಡುವುದೊಂದೇ ಉಚಿತ ಮಾರ್ಗ. ಅಷ್ಟು ಜಾಗವಾಗಲಿ ಇಳಿಜಾರಾಗಲಿ ಇಲ್ಲದ ಕಡೆ ಆ ಕೋಣೆ ಸಾಮಾನು ಇಡುವುದಕ್ಕಷ್ಟೇ ಸಾಕು.

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ 2024ರ ಜುಲೈ 27ರಂದು ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತದ್ದು ಗ್ರಂಥಾಲಯವಾಗಿ ಮಾರ್ಪಟ್ಟಿದ್ದ ನೆಲಮಾಳಿಗೆಯಲ್ಲಿ. ಅದಕ್ಕಿದ್ದ ಅನುಮತಿ ಓದಿನ ಕೋಣೆಗಲ್ಲ. ಪರೀಕ್ಷೆಗೆಂದು ಊರು ಬಿಟ್ಟು ಹೋಗುವ ಮಲೆನಾಡಿನ ಮಕ್ಕಳು ಬಾಡಿಗೆ ಕೋಣೆ ನೋಡುವಾಗ ಹೊರಹೋಗಲು ಎಷ್ಟು ದಾರಿಗಳಿವೆ, ರಸ್ತೆಯ ನೀರು ಎತ್ತ ಹರಿಯುತ್ತದೆ ಎಂದು ಕೇಳಬೇಕು.

ಇನ್ನು ಘಟ್ಟದ ಮೇಲೆ ಗುಡ್ಡದ ಬುಡ ಕಡಿದು 'ಕೆಳ ಅಂತಸ್ತು' ಕಟ್ಟುವ ಹೋಂಸ್ಟೇಗಳ ಮಾತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಇಳಿಜಾರನ್ನು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಅಲ್ಲಿ ಹಿಂಗೋಡೆ ಹೊರುವುದು ಇಡೀ ಗುಡ್ಡದ ತೇವದ ಭಾರವನ್ನು. ಪಂಚಾಯಿತಿಗಳು ಪರವಾನಗಿ ಕೊಡುವಾಗ ಮನೆಯ ನಕ್ಷೆಯ ಜೊತೆಗೆ ಮೇಲಿನ ಗುಡ್ಡದ ನೀರಿನ ದಾರಿಯ ನಕ್ಷೆಯನ್ನೂ ಕೇಳಲಿ. ಆ ನಕ್ಷೆ ಬರೆಯಲು ಎಂಜಿನಿಯರ್ ಬೇಕೆಂದಿಲ್ಲ. ಆಷಾಢದಲ್ಲಿ ಆ ಗುಡ್ಡ ಹತ್ತಿ ದನ ಕಾದವರು ಯಾರಾದರೂ ಸಾಕು.