ಓದದ ಪಾಠದ ಪ್ರಶ್ನೆಗೆ ಅಂಕ ಹೆಚ್ಚಬೇಕೆ?

ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ ಕನ್ನಡದ ಲಿಖಿತ ಪರೀಕ್ಷೆಗೆ 100 ಅಂಕ. ಅದರಲ್ಲಿ ಅಪಠಿತ ಗದ್ಯಾಂಶದ ಪಾಲು ಬರೀ 4. ಅದನ್ನು 15ಕ್ಕೆ ಏರಿಸಿದರೆ ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡದ ಮಕ್ಕಳಿಗೆ ಒಳಿತೋ ಕೆಡುಕೋ?

ಪರ

ಸಂದರ್ಭದ ಪ್ರಶ್ನೆ ಕಂಡಿದ್ದೇ ತಡ, ನಮ್ಮ ಹುಡುಗರು 'ಆಯ್ಕೆ', 'ಸಂದರ್ಭ', 'ಸ್ವಾರಸ್ಯ' ಎಂದು ಬರೆದು ಅಡಿಗೆರೆ ಎಳೆಯುತ್ತಾರೆ. ಪು.ತಿ.ನ. ಅವರ 'ಶಬರಿ' ಪಾಠದಿಂದ ಆರಿಸಲಾಗಿದೆ ಎಂಬುದು ನಿದ್ದೆಗಣ್ಣಲ್ಲೂ ಬರುತ್ತದೆ. ಸ್ವಾರಸ್ಯವೂ ಗೈಡಿನದೇ. (ಸ್ವಾರಸ್ಯವನ್ನೂ ಉರು ಹೊಡೆಸುವವರು ನಾವು!)

ಅದರ ಬದಲು ಒಂದು ತುಣುಕು ಕೊಡಿ: ಮುಗಿಲು ನೋಡಿದ ಅಜ್ಜಿ ಅಂಗಳದಲ್ಲಿ ಹರವಿದ್ದ ಭತ್ತವನ್ನು ಗಡಿಬಿಡಿಯಲ್ಲಿ ಚೀಲಕ್ಕೆ ತುಂಬಿದಳು. ಏಕೆ ಗಡಿಬಿಡಿ? ಮಳೆಯ ಸುದ್ದಿ ತುಣುಕಿನಲ್ಲಿ ಎಲ್ಲೂ ಇಲ್ಲ. ಜೊಯಿಡಾದ ಮಗುವಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಉರು ಹೊಡೆಯಲಾಗದೆ ಹಿಂದಿನ ಬೆಂಚಿಗೆ ಸರಿದವಳು ಇಲ್ಲಿ ಮೊದಲು ಕೈಯೆತ್ತುತ್ತಾಳೆ.

ವಿರೋಧ

ಅಂಥ ಪ್ರಶ್ನೆಯೇ ಬರುವುದಾದರೆ ನನ್ನ ತಕರಾರಿಲ್ಲ. ಆದರೆ ಸಾಮಾನ್ಯವಾಗಿ ಬರುವುದು, 'ಅಜ್ಜಿ ಭತ್ತವನ್ನು ಯಾವುದಕ್ಕೆ ತುಂಬಿದಳು?' ಭತ್ತ ಎಂದಿರುವ ಸಾಲು ಹುಡುಕಿ ಇದ್ದಂತೆ ಇಳಿಸಿದರೆ ಪೂರ್ತಿ ಅಂಕ. ಓದಿ ಅರ್ಥಮಾಡಿಕೊಳ್ಳುವ ಮಾತೇ ಇಲ್ಲ.

ಪ್ರಶ್ನೆ ಬಿಗಿ ಮಾಡಿದರೋ, ಪೆಟ್ಟು ಯಾರಿಗೆ? ಜೊಯಿಡಾದ ಕುಣಬಿ ಮಕ್ಕಳ ಮನೆಮಾತು ಕೊಂಕಣಿ. ಹಳಿಯಾಳ, ಮುಂಡಗೋಡದ ಸಿದ್ದಿಯರಲ್ಲೂ ಹೆಚ್ಚಾಗಿ ಅದೇ. ಗೌಳಿಗಳದು ಮರಾಠಿ. ದಾಂಡೇಲಿಯಂತೂ ಕಾಗದ ಕಾರ್ಖಾನೆಯ ಊರು, ಒಂದೊಂದು ಓಣಿಗೆ ಒಂದೊಂದು ಭಾಷೆ. ಇಂಥ ಎಷ್ಟೋ ಮಕ್ಕಳಿಗೆ ಕನ್ನಡ ಸಿಗುವುದು ಶಾಲೆಯಲ್ಲಿ, ಅದೂ ಪಾಠದ ಮೂಲಕ. ಒಂದೇ ಪಾಠವನ್ನು ದಿನಗಟ್ಟಲೆ ಗಟ್ಟಿಯಾಗಿ ಓದಿ, ತಿಳಿಯದ್ದನ್ನು ಅಕ್ಕೋರ ಹತ್ತಿರ ಕೇಳಿ, ಶಬರಿಯನ್ನು ತಾವೇ ಆಡಿ ನೋಡಿ ಅವರು ಕನ್ನಡ ದಕ್ಕಿಸಿಕೊಳ್ಳುತ್ತಾರೆ. ಬಾಯಿಪಾಠವೂ ಅದರ ಭಾಗವೇ; ಅದನ್ನು ಹೀಗಳೆಯುವುದು ಮನೆಯಲ್ಲಿ ಕನ್ನಡ ಆಡುವವರಿಗೆ ಸುಲಭ. ಮನೆಗೆ ಕನ್ನಡ ಪತ್ರಿಕೆ ತರಿಸುವವರ ಮಗನಿಗೆ ಆ 15 ಅಂಕ ಬಿಟ್ಟಿ. ಗೌಳಿವಾಡದಿಂದ ನಡೆದು ಬರುವವಳು ವರ್ಷವಿಡೀ ಓದಿದ್ದಕ್ಕೆ ಸಿಗಬೇಕಾದ ಅಂಕವೇ ಅಷ್ಟು ಕಡಿಮೆ.

ತುಣುಕುಗಳನ್ನು ತರಗತಿಯಲ್ಲಿ ಓದಿಸಿ, ಬೇಕಾದರೆ ವಾರಕ್ಕೊಂದು, ಅಂಕವಿಲ್ಲದೆ. ಅಜ್ಜಿಯ ಗಡಿಬಿಡಿ ಏಕೆಂದು ಮೊದಲು ಕೊಂಕಣಿಯಲ್ಲೇ ಹೇಳಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಪರೀಕ್ಷೆಯಲ್ಲಿ 4 ಅಂಕ ಸಾಕು.