ಪಾತ್ರಕ್ಕೆ ರೇಟು ಕಟ್ಟುವ ಊರಲ್ಲಿ ಬಾಲಣ್ಣನಿಗೆ ಜಾಗ ಎಲ್ಲಿ?

ಜಾತ್ರೆ ದಿನ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಅನೇಕ ಊರುಗಳಲ್ಲಿ ದೇವಸ್ಥಾನದ ಕಟ್ಟೆ ಮೇಲೆ ನಾಟಕದ ಮಾತು ಶುರುವಾಗುತ್ತದೆ. ಯಾವ ನಾಟಕ ಅನ್ನೋದು ಬೇಗ ತೀರ್ಮಾನವಾಗುತ್ತದೆ, ಹೆಚ್ಚಿನ ಸಲ ‘ಕುರುಕ್ಷೇತ್ರ’ವೇ. ಅದಾದ ಮೇಲೆ ನಡೆಯುವುದು ವ್ಯಾಪಾರ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು. ಹಣ ಇದ್ದವರು ದೊಡ್ಡ ಪಾತ್ರ ಹಿಡಿಯುತ್ತಾರೆ. ಉಳಿದ ವಿದುರ, ಸಂಜಯ, ದೂತ ಇವೆಲ್ಲ ಯಾರಾದರೂ ಮಾಡಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಅಭಿನಯ ಬರುತ್ತದೋ ಇಲ್ಲವೋ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ನೇರವಾಗಿಯೇ ಹೇಳುತ್ತೇವೆ. ಈ ಪಾತ್ರ ಮಾರುವ ಪದ್ಧತಿ ನಿಲ್ಲಬೇಕು. ಕೋಪ ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ಆದರೆ ಅದಕ್ಕೂ ಮುಂಚೆ ನಮ್ಮ ಪಕ್ಕದ ಊರಿನವರೊಬ್ಬರ ಕಥೆ ಓದಿ.

ಕಡೂರಿನಲ್ಲಿ ರೈಲು ಹತ್ತಿದರೆ ದೇವನೂರು, ಬಾಣಾವರ ದಾಟಿ ಅರಸೀಕೆರೆ. ಟಿ.ಎನ್. ಬಾಲಕೃಷ್ಣ ಹುಟ್ಟಿದ್ದು ಅಲ್ಲಿ. ಹೆಸರು ಕೇಳಿದರೆ ಗೊತ್ತಾಗದ ಹುಡುಗರಿಗೂ ಮುಖ ನೋಡಿದರೆ ಗೊತ್ತಾಗುತ್ತದೆ. ಹಳೇ ರಾಜ್‌ಕುಮಾರ್ ಸಿನಿಮಾದಲ್ಲಿ ಒಮ್ಮೆ ನಗಿಸುವ, ಒಮ್ಮೆ ಮೈ ಉರಿಸುವ, ಕುತಂತ್ರ ಮಾಡುತ್ತಲೇ ಕಣ್ಣು ಮಿಟುಕಿಸುವ ಆ ಮನುಷ್ಯ. ಚಿತ್ರರಂಗದವರಿಗೆ ಅವರು ಬಾಲಣ್ಣ. 1943ರ ‘ರಾಧಾರಮಣ’ದಿಂದ ಶುರು ಮಾಡಿ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ಪಾತ್ರ ಮಾಡಿದರು. 1995ರಲ್ಲಿ ತೀರಿಕೊಂಡರು.

ಬಾಲಣ್ಣ ಕಡು ಬಡತನದಲ್ಲಿ ಬೆಳೆದವರು. ಅವರಿಗೆ ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗಿರುವವರ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದರು ಎಂದು ಜೊತೆಗೆ ಕೆಲಸ ಮಾಡಿದವರು ಹೇಳುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಡೈಲಾಗ್ ಹೇಳುವುದು ಅರ್ಧ ಕೆಲಸ ಅಷ್ಟೇ. ಎದುರಿನವನ ಮಾತು ಮುಗಿದ ಆ ಕ್ಷಣಕ್ಕೆ ನಿಮ್ಮ ಮಾತು ಬೀಳಬೇಕು. ನಗಿಸುವ ಪಾತ್ರದಲ್ಲಿ ಒಂದು ಉಸಿರು ತಡವಾದರೂ ನಗೆ ಸತ್ತು ಹೋಗುತ್ತದೆ. ಕಿವಿ ಕೇಳದ ಮನುಷ್ಯ ಇದನ್ನು ನಾಟಕ ಕಂಪನಿಯಿಂದ ಹಿಡಿದು ಸಿನಿಮಾದವರೆಗೆ, ನರಸಿಂಹರಾಜು ಅವರಂಥ ನಟರ ಎದುರಿಗೆ ನಿಂತು ಮಾಡಿ ತೋರಿಸಿದರು.

ಈಗ ಅದೇ ಹುಡುಗನನ್ನು ನಮ್ಮ ದೇವಸ್ಥಾನದ ಕಟ್ಟೆಗೆ ಕರೆದುಕೊಂಡು ಬನ್ನಿ. ಜೇಬಲ್ಲಿ ಕಾಸಿಲ್ಲ. ಕೂಗಿದರೆ ತಿರುಗಿ ನೋಡುವುದಿಲ್ಲ. ನಾವು ಅವನಿಗೆ ಯಾವ ಪಾತ್ರ ಕೊಡುತ್ತಿದ್ದೆವು? ಪರದೆ ಎಳೆಯಲು ಹೇಳುತ್ತಿದ್ದೆವು. ಇಲ್ಲವೇ ‘ಲೇ ಕಿವುಡ’ ಎಂದು ಟೀ ತರಲು ಕಳಿಸುತ್ತಿದ್ದೆವು.

ಸಿನಿಮಾದಲ್ಲಿ ಇಂಥವರನ್ನು ಪೋಷಕ ನಟ ಅನ್ನುತ್ತಾರೆ. ಪೋಷಕ ಅಂದರೆ ಸಾಕುವವನು. ಸಾಕುವವನ ಹೆಸರು ಮಾತ್ರ ಪೋಸ್ಟರಿನ ಕೆಳಗೆ, ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ. ‘ಬಂಗಾರದ ಮನುಷ್ಯ’ವನ್ನು ನೋಡದವರು ನಮ್ಮಲ್ಲಿ ಕಡಿಮೆ. 1972ರ ಚಿತ್ರ, ಇವತ್ತಿಗೂ ಟಿವಿಯಲ್ಲಿ ಬಂದರೆ ಹೊಲದಿಂದ ಬಂದವರು ಕೈಕಾಲು ತೊಳೆಯದೆ ಕೂತು ಬಿಡುತ್ತಾರೆ. ರಾಜೀವ ಎಲ್ಲರಿಗೂ ನೆನಪಿದ್ದಾನೆ. ಅವನ ಬೆನ್ನಿಗೆ ನಿಂತ ರಾಚೂಟಪ್ಪನನ್ನು ತೆಗೆದು ಹಾಕಿ ನೋಡಿ, ರಾಜೀವನ ಸಾಹಸ ಒಬ್ಬಂಟಿ ಹಠವಾಗಿ ಕಾಣುತ್ತದೆ. ಊರಿನ ಒಬ್ಬ ಹಿರಿಯ ನಂಬಿದ್ದರಿಂದ ನಾವೂ ನಂಬುತ್ತೇವೆ. ಆ ರಾಚೂಟಪ್ಪ ಬಾಲಣ್ಣನೇ.

ಆ ಚಿತ್ರದ ನಿರ್ದೇಶಕ ಸಿದ್ದಲಿಂಗಯ್ಯ ಯಾವ ಊರಿನವರು ಗೊತ್ತಾ? ತರೀಕೆರೆಯವರು. ಮೈಸೂರಿನ ನವಜ್ಯೋತಿ ಸ್ಟುಡಿಯೋದಲ್ಲಿ ಸಣ್ಣ ಪುಟ್ಟ ಕೆಲಸ ಮಾಡುವ ಹುಡುಗನಾಗಿ ಸೇರಿ ಮೇಲೆ ಬಂದವರು. ‘ಭೂತಯ್ಯನ ಮಗ ಅಯ್ಯು’ ಕೂಡ ಅವರದೇ. ಆ ಸಿನಿಮಾದ ಮಾತು ಬಂದರೆ ಜನ ಮೊದಲು ನೆನೆಸುವುದು ಲೋಕನಾಥ್ ಅವರ ಉಪ್ಪಿನಕಾಯಿಯನ್ನು. ಹೀರೋ ಫೈಟು ಆಮೇಲೆ. ನಮ್ಮ ತಾಲ್ಲೂಕಿನ ಮನುಷ್ಯನಿಗೆ ಸಣ್ಣ ಪಾತ್ರದ ಬೆಲೆ ಅಷ್ಟು ಚೆನ್ನಾಗಿ ಗೊತ್ತಿತ್ತು. ನಮಗೆ ಯಾಕೆ ಮರೆತು ಹೋಯಿತು?

ಈಗಿನ ನಮ್ಮ ನಾಟಕದ ರಾತ್ರಿ ಹೇಗಿರುತ್ತದೆ ಹೇಳುತ್ತೇವೆ, ಸುಳ್ಳಾದರೆ ತಿದ್ದಿ. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್: ದುಡ್ಡು ಕೊಟ್ಟವರ ಮುಖ ದೊಡ್ಡದು, ಉಳಿದವರದು ಸ್ಟಾಂಪ್ ಸೈಜು. ದುರ್ಯೋಧನ ರಂಗಕ್ಕೆ ಬಂದ ಕೂಡಲೇ ನಾಟಕ ನಿಲ್ಲುತ್ತದೆ. ಭಾವ ಬಂದು ಹಾರ ಹಾಕುತ್ತಾನೆ, ಮಾವ ನೋಟು ಚುಚ್ಚುತ್ತಾನೆ, ಗೆಳೆಯರ ಬಳಗ ಶಾಲು ಹೊದಿಸುತ್ತದೆ, ಮೈಕಿನಲ್ಲಿ ಎಲ್ಲರ ಹೆಸರು ಓದುತ್ತಾರೆ. ಅಷ್ಟು ಹೊತ್ತೂ ದ್ರೌಪದಿ ಪಾತ್ರಕ್ಕೆ ಬೇರೆ ಊರಿಂದ ಬಂದ ಕಲಾವಿದೆ ಒಂದು ಮೂಲೆಯಲ್ಲಿ ನಿಂತಿರುತ್ತಾರೆ. ಇಡೀ ನಾಟಕದಲ್ಲಿ ಅಭಿನಯವನ್ನೇ ಕಸುಬು ಮಾಡಿಕೊಂಡು ಅನ್ನ ತಿನ್ನುವವರು ಅವರೊಬ್ಬರೇ ಇರಬಹುದು. ಅವರಿಗೆ ಹಾರ ಇಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದುಕೊಂಡು ಕಾಯುತ್ತಾರೆ. ಶಕುನಿಯ ಸರದಿ ಬರುವಷ್ಟರಲ್ಲಿ ಮಕ್ಕಳೆಲ್ಲ ಚಾಪೆ ಮೇಲೆ ನಿದ್ದೆ ಹೋಗಿರುತ್ತವೆ. ಕಥೆಯನ್ನು ಮುಂದಕ್ಕೆ ನೂಕುವವನೇ ಶಕುನಿ ಅಲ್ಲವೇ ಸ್ವಾಮಿ?

ಹೀರೋ ಒಬ್ಬನನ್ನೇ ನೋಡುವ ಈ ಕಣ್ಣು ಹಳ್ಳಿಯದಷ್ಟೇ ಅಲ್ಲ. ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋ ಕಟ್ಟಿಸಿದ್ದು ಬಾಲಣ್ಣ. ಕನ್ನಡ ಸಿನಿಮಾ ಮಾಡಬೇಕೆಂದರೆ ಮದ್ರಾಸಿಗೆ ಹೋಗಬೇಕಾಗಿದ್ದ ಕಾಲವನ್ನು ಕಂಡವರು ಅವರು. ಕೆಲಸ ಇಲ್ಲದೆ ಕಲಾವಿದರು ಕಂಗಾಲಾಗಿದ್ದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸಂಘ ಕಟ್ಟಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದವರಲ್ಲಿ ಬಾಲಣ್ಣನೂ ಒಬ್ಬರು. ಕನ್ನಡಿಗರಿಗೆ ತಮ್ಮ ನೆಲದಲ್ಲೇ ಸ್ಟುಡಿಯೋ ಬೇಕು ಎಂಬ ಹಂಬಲ ಅಲ್ಲಿಯದು. 2025ರ ಆಗಸ್ಟ್‌ನಲ್ಲಿ ಆ ಜಾಗದಲ್ಲಿದ್ದ ವಿಷ್ಣುವರ್ಧನ್ ಸಮಾಧಿ ಕೆಡವಿದಾಗ ನಾಡೆಲ್ಲ ಸಿಟ್ಟಾಯಿತು. ಅಭಿಮಾನಿಗಳ ನೋವು ನಿಜವಾದದ್ದು, ಜಮೀನಿನ ವಿಚಾರ ಕೋರ್ಟು, ಸರ್ಕಾರ ನೋಡಿಕೊಳ್ಳಲಿ. ಆದರೆ ಅಷ್ಟು ದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಬೈಗುಳದ ನಡುವೆ, ಈ ಸ್ಟುಡಿಯೋ ಕಟ್ಟಿದವರು ಯಾರು, ಯಾಕೆ ಕಟ್ಟಿದರು ಎಂದು ಕೇಳಿದ ಒಂದೇ ಒಂದು ಮೆಸೇಜು ನಮ್ಮ ಕಣ್ಣಿಗೆ ಬೀಳಲಿಲ್ಲ.

ನಮ್ಮ ಮಾತಿಗೆ ಬರುವ ಉತ್ತರ ಗೊತ್ತಿದೆ. ‘ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಲೈಟು, ಮೈಕು, ಡ್ರೆಸ್ಸು, ಇದಕ್ಕೆಲ್ಲ ನಿಮ್ಮಪ್ಪ ದುಡ್ಡು ಕೊಡ್ತಾನಾ?’ ನ್ಯಾಯವಾದ ಪ್ರಶ್ನೆ. ಖರ್ಚು ಸುಳ್ಳಲ್ಲ. ಸಾಲ ಮಾಡಿಯಾದರೂ ಕೃಷ್ಣನ ಪಾತ್ರ ಮಾಡುವ ರೈತನ ಆಸೆಯನ್ನು ನಾವು ಗೇಲಿ ಮಾಡುತ್ತಿಲ್ಲ. ಅವನು ಆ ಒಂದು ರಾತ್ರಿಗಾಗಿ ತಿಂಗಳುಗಟ್ಟಲೆ ಕಂದ ಪದ್ಯ ಬಾಯಿಪಾಠ ಮಾಡುತ್ತಾನೆ, ಅದು ದೊಡ್ಡದೇ. ಆದರೆ ದೇವರ ತೇರಿಗೆ ಮನೆಗಿಷ್ಟು ಎಂದು ವಂತಿಗೆ ಎತ್ತುವ ನಮಗೆ ನಾಟಕಕ್ಕೆ ಎತ್ತಲು ಏನು ಅಡ್ಡಿ? ಅದೂ ಆಗದಿದ್ದರೆ ಒಟ್ಟು ಖರ್ಚನ್ನು ಎಲ್ಲ ಪಾತ್ರಗಳಿಗೂ ಸಮ ಹಾಕಿ, ಕೊಡಲಾಗದವನ ಪಾಲನ್ನು ಊರು ಹೊರಲಿ. ಹಾರ, ಶಾಲು, ನೋಟು ಎಲ್ಲ ನಾಟಕ ಮುಗಿದ ಮೇಲೆ. ಚೀಟಿಯಲ್ಲಿ, ಫ್ಲೆಕ್ಸಿನಲ್ಲಿ ಎಲ್ಲರ ಹೆಸರೂ ಒಂದೇ ಅಳತೆ, ಹೊರಗಿಂದ ಬಂದ ಕಲಾವಿದೆಯರದ್ದೂ ಸೇರಿ.

ಪಾತ್ರ ಹಂಚುವ ದಿನ ಮೇಷ್ಟ್ರಿಗೆ ಅಧಿಕಾರ ಕೊಡಿ. ಬಂದವರಿಂದೆಲ್ಲ ನಾಲ್ಕು ಸಾಲು ಓದಿಸಲಿ, ನಿಂತು ತೋರಿಸಲು ಹೇಳಲಿ, ಆಮೇಲೆ ಇಂಥವರಿಗೆ ಇಂಥದ್ದು ಎಂದು ಅವರೇ ಹೇಳಲಿ. ಕಟ್ಟೆಯ ಕೆಳಗೆ ನಿಂತು ನೋಡುತ್ತಿರುವ ಹುಡುಗರನ್ನೂ ಮೇಲಕ್ಕೆ ಕರೆಯಿರಿ. ಕೂಗಿದ್ದು ಕೇಳಿಸದವನಿದ್ದರೆ ಹತ್ತಿರ ಹೋಗಿ ಭುಜ ಮುಟ್ಟಿ ಕರೆಯಿರಿ.