"ವಯಸ್ಸಾದವರು ತಾನೇ" ಅನ್ನುವವರಿಗೆ ಒಂದು ಉತ್ತರ

"ಹೋದವರು ವಯಸ್ಸಾದವರು ತಾನೇ..." 2020ರಲ್ಲಿ ಟಿವಿಯಲ್ಲಿ ಕೊರೊನಾ ಸಾವಿನ ಲೆಕ್ಕ ಬಂದಾಗಲೆಲ್ಲ ಕೇಳಿಬರುತ್ತಿದ್ದ ಮಾತಿದು. ಸತ್ತವರಿಗೆ ಎಪ್ಪತ್ತು ದಾಟಿತ್ತು ಅಂದರೆ ಕೇಳಿದವರಿಗೆ ಅದೇನೋ ಸಮಾಧಾನ! ಹಿಂದೂಪುರ, ಕಲ್ಯಾಣದುರ್ಗದ ಕಡೆ ಕನ್ನಡ ಕಲಿಸಿ ಮುದುಕರಾದ ನಾವು ಆ ಮಾತಿಗೆ ಈಗಲಾದರೂ ಉತ್ತರ ಕೊಡಬೇಕು.

ಮಾರ್ಚ್ 25ರಿಂದ ಲಾಕ್‌ಡೌನ್. ಅರವತ್ತೈದು ದಾಟಿದವರು ಹೊಸ್ತಿಲು ದಾಟಬೇಡಿ ಅಂದರು. ಸರಿ, ಕೂತೆವು. ಅರಳಿಕಟ್ಟೆ ಹೋಯಿತು, ಹೋಟೆಲಿನ ಟೀ ಹೋಯಿತು, ಬೆಂಗಳೂರಿನ ರೈಲು ನಿಂತಿತು. ಬಿಪಿ, ಶುಗರ್ ಮಾತ್ರೆ ಎಷ್ಟು ದಿನಕ್ಕಾಗುತ್ತದೆ ಎಂದು ಎಣಿಸುವುದೇ ದಿನಚರಿಯಾಯಿತು. ವಾಲಂಟಿಯರ್ ಮಕ್ಕಳು ತಿಂಗಳ ಮೊದಲಿಗೆ 2,250 ರೂಪಾಯಿ ವೃದ್ಧಾಪ್ಯ ಪಿಂಚಣಿಯನ್ನು ಬಡವರ ಮನೆ ಬಾಗಿಲಿಗೇ ತಂದುಕೊಟ್ಟರು. ಅದನ್ನು ಮರೆಯುವಷ್ಟು ಕೃತಘ್ನರಲ್ಲ ನಾವು. ಆದರೆ ಮುದುಕರೆಂದರೆ ಪಿಂಚಣಿ ತಗೊಂಡು, ಮಾತ್ರೆ ನುಂಗಿ, ಮೂಲೆಯಲ್ಲಿ ಕೂರುವವರು ಅಷ್ಟೇನಾ ಸ್ವಾಮಿ?

ಆಗ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಪಾಡು ಏನಾಯಿತು ನೋಡಿ. ಸಪ್ತಗಿರಿ ವಾಹಿನಿಯಲ್ಲಿ ತೆಲುಗಿನಲ್ಲಿ ಪಾಠ ಬಂತು. ಚಂದನ ವಾಹಿನಿಯಲ್ಲಿ ಕನ್ನಡದ "ಸಂವೇದ" ಪಾಠ ಬಂತು, ಆದರೆ ಅದು ಕರ್ನಾಟಕದ ಪಠ್ಯ. ನಮ್ಮ ಮಕ್ಕಳು ಓದುವುದು ಆಂಧ್ರದ ಪಠ್ಯವನ್ನು, ಕನ್ನಡದಲ್ಲಿ. ಭಾಷೆ ಗೊತ್ತಿದ್ದ ಕಡೆ ಪಾಠ ಬೇರೆ, ಪಾಠ ನಮ್ಮದಾದ ಕಡೆ ಭಾಷೆ ಬೇರೆ! ಇನ್ನು ಮೊಬೈಲು? ಮನೆಗೊಂದು ಇದ್ದರೆ ಅದು ಕೆಲಸಕ್ಕೆ ಹೋಗುವ ಅಪ್ಪನ ಜೇಬಿನಲ್ಲಿ.

ಹಾಗಾದರೆ ಆ ತಿಂಗಳುಗಳಲ್ಲಿ ಕಾಗುಣಿತ ತಿದ್ದಿಸಿದವರು ಯಾರು? ಮಗ್ಗಿ ಹೇಳಿಸಿದವರು ಯಾರು? ಮನೆಯ ಅಜ್ಜ, ಅಜ್ಜಿ. "ಮೂಲೆಯಲ್ಲಿ ಕೂರಿ" ಅನ್ನಿಸಿಕೊಂಡವರೇ ಕೂತ ಮೂಲೆಯಲ್ಲಿ ಶಾಲೆ ನಡೆಸಿದರು. ಅಂಥ ಅಜ್ಜಿ ಹೋದ ಮನೆಯಲ್ಲಿ ಮಗುವಿನ ಕನ್ನಡ ಶಾಲೆಯೂ ಮುಚ್ಚಿತು. ಅದು ಯಾವ ಲೆಕ್ಕದಲ್ಲೂ ಬರಲಿಲ್ಲ.

ತೆಲುಗು ನಮಗೆ ಪರಕೀಯವಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವುದು, ನೆಂಟಸ್ತನ ಮಾಡುವುದು ಎಲ್ಲ ಆ ಭಾಷೆಯಲ್ಲೇ. ಆದರೆ ಸಂತೆಯ ಮಾತು ಬೇರೆ, ಪಾಠ ಬೇರೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ರೋಗ ಬಂದಾಗ ಈ ವಿಧಿಗೆ ರಜೆ ಎಂದು ಎಲ್ಲೂ ಬರೆದಿಲ್ಲ. ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡುವ 2019ರ ಆದೇಶವನ್ನು ಆಂಧ್ರ ಹೈಕೋರ್ಟ್ ರದ್ದು ಮಾಡಿದ್ದು 2020ರ ಏಪ್ರಿಲ್ 15ರಂದು, ಅದೇ ಲಾಕ್‌ಡೌನಿನ ನಡುವೆ! ಅಂದರೆ ಮಾಧ್ಯಮದ ಪ್ರಶ್ನೆಗೆ ರೋಗದ ಕಾಲದಲ್ಲೂ ಬಿಡುವಿರಲಿಲ್ಲ. ನಮ್ಮ ಕನ್ನಡ ಮಾಧ್ಯಮದ ಬಗ್ಗೆ ಮಾತ್ರ ನಾವೇ ಬಾಯಿ ಬಿಡಲಿಲ್ಲ.

ಇನ್ನು ತಾಯ್ನಾಡು ಅಂತೀವಲ್ಲ, ಆ ಕರ್ನಾಟಕದ ಕಥೆ. ನಾವು ದೊಡ್ಡ ಕಾಯಿಲೆಗೆ ಬೆಂಗಳೂರಿಗೆ ಹೋಗುವ ಹಾಗೆ ಕಾಸರಗೋಡಿನವರು ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಆ ಗಡಿಯ ರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿದು ಮುಚ್ಚಿತು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಿಸಿ ಎಂದು ಹೇಳಬೇಕಾಯಿತು. ನವೆಂಬರಿನಲ್ಲಿ ಗಡಿನಾಡ ಕನ್ನಡಿಗರೆಂದು ಹಾರ ಹಾಕುವವರು ಮಾರ್ಚಿನಲ್ಲಿ ಮಣ್ಣು ಹಾಕಿದರೆ ಆ ಹಾರಕ್ಕೆ ಏನರ್ಥ?

ಆಗ ಒಂದನೇ ತರಗತಿಗೆ ಸೇರಬೇಕಿದ್ದ ಮಕ್ಕಳು ಈಗ ಹೈಸ್ಕೂಲಿನ ಬಾಗಿಲಲ್ಲಿದ್ದಾರೆ. ಅವರಲ್ಲಿ ಯಾರಿಗೆ ಇನ್ನೂ ಒತ್ತಕ್ಷರ ತೊಡರುತ್ತದೆ ಎಂದು ಪಾಠ ಮಾಡುವ ಮೇಷ್ಟ್ರಿಗೆ ಗೊತ್ತು. ಅದಕ್ಕೇ ನಾವು ಕೇಳುವುದು ಮೂರು. ಆಂಧ್ರದ ಪಠ್ಯಕ್ಕೆ ಕನ್ನಡದಲ್ಲಿ ಪಾಠ ರೆಕಾರ್ಡ್ ಮಾಡಿ ಈಗಲೇ ಇಟ್ಟುಕೊಳ್ಳಿ, ಮುಂದಿನ ರೋಗ ಹೇಳಿ ಬರುವುದಿಲ್ಲ. ಊರೂರಿನ ನಿವೃತ್ತ ಕನ್ನಡ ಮೇಷ್ಟ್ರುಗಳ ಪಟ್ಟಿ ಶಾಲೆಯಲ್ಲಿರಲಿ. ಮುಂದೆ ಗಡಿ ಮುಚ್ಚುವ ದಿನ ಬಂದರೂ ರೋಗಿಯ ಗಾಡಿಗೆ ದಾರಿ ಬಿಡುತ್ತೇವೆಂದು ಎರಡೂ ಸರ್ಕಾರಗಳು ಈಗಲೇ ಬರೆದುಕೊಡಲಿ.

ಶಾಲಾ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಎತ್ತುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿ. ಏನಂತೀರಿ?